ಕಲ್ಲಿದ್ದಲ ಕರೆಂಟಿನ ಬಸ್ಸಿನಿಂದ ಏನು ಲಾಭ?

ಪ್ರಶ್ನೆ: ನಾನು ರಾಯಚೂರು ತಾಲ್ಲೂಕಿನಲ್ಲಿ ವಿಜ್ಞಾನ ಶಿಕ್ಷಕಿ. ಎಲೆಕ್ಟ್ರಿಕ್ ಬಸ್ ಪಾಠ ಮಾಡುವಾಗ ಒಬ್ಬ ಹುಡುಗ, 'ಕರೆಂಟ್ ಬರೋದು ಶಕ್ತಿನಗರದ ಕಲ್ಲಿದ್ದಲಿನಿಂದ ಅಲ್ವಾ ಮೇಡಂ, ಮತ್ತೇನು ಲಾಭ?' ಅಂದ. ಏನು ಹೇಳಲಿ?

ಉತ್ತರ: ಮೊದಲು ಅವನ ಬೆನ್ನು ತಟ್ಟಿ, ಮೇಡಂ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಸುಡುವುದು ಕಲ್ಲಿದ್ದಲೇ. ಆದರೆ ಊರೂರಿಗೆ ಕರೆಂಟು ಹಂಚುವ ಅದೇ ತಂತಿಜಾಲಕ್ಕೆ, ಅಂದರೆ ಗ್ರಿಡ್‌ಗೆ, ಕೊಪ್ಪಳದ ಗಾಳಿಯಂತ್ರಗಳ ಕರೆಂಟೂ ಸೇರುತ್ತದೆ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನದೂ ಸೇರುತ್ತದೆ, ಈ ಪಾಲು ಜಾಸ್ತಿಯಾದಷ್ಟೂ ಅದೇ ಬಸ್ಸಿನ ಹೊಗೆಯ ಲೆಕ್ಕ ಇಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಎಂಜಿನ್‌ನಲ್ಲಿ ಪೆಟ್ರೋಲ್, ಡೀಸೆಲ್‌ಗಳ ಶಕ್ತಿಯ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಬೈಕಿನ ಸೈಲೆನ್ಸರಿಗೆ ಕಾಲು ಸುಟ್ಟುಕೊಂಡ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಎಲೆಕ್ಟ್ರಿಕ್ ಬಸ್ಸಿನ ಮೋಟಾರಿನಲ್ಲಿ ಈ ನಷ್ಟ ಕಡಿಮೆ.

ಸುಮ್ನೆ ಬೋರ್ಡಿನ ಮೇಲೆ ಬರೆಯಬೇಡಿ. ಸಣ್ಣ ಸೋಲಾರ್ ಪ್ಲೇಟಿಗೆ ಆಟಿಕೆ ಮೋಟಾರ್ ಜೋಡಿಸಿ ಅಂಗಳದಲ್ಲಿಡಿ, ರಾಯಚೂರಲ್ಲಿ ಬಿಸಿಲಿಗೇನು ಬರ! ಅಂಗೈ ಅಡ್ಡ ಹಿಡಿದರೆ ನಿಲ್ಲುತ್ತದೆ. 'ರಾತ್ರಿ ಏನ್ ಮಾಡೋದು ಮೇಡಂ?' ಅಂತ ಅವನೇ ಕೇಳಿದಾಗ ಬ್ಯಾಟರಿ ಪಾಠ ಶುರು ಮಾಡಿ.