ಮೌತ್‌ಪೀಸ್ ಮೇಲಿನ ಕೈ ತೆಗೆಯಬೇಡಿ

ಮುರುಡೇಶ್ವರದ ಓದುಗರೊಬ್ಬರ ಪತ್ರ: "ಆಮ್ಲಜನಕದ ಸಿಲಿಂಡರ್ ಹೊತ್ತು ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡುವವನು ನಾನು. ನೀರಿನಾಳದಲ್ಲಿ ಪ್ರಜ್ಞೆ ತಪ್ಪಿದ ರೀಬ್ರೀದರ್ (ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಉಸಿರಾಡಲು ಕೊಡುವ ಸಾಧನ) ಡೈವರ್‌ನ ಮೌತ್‌ಪೀಸ್ ಕಳಚಿದ್ದರೆ ಮತ್ತೆ ಬಾಯಿಗಿಡಲು ಹೋಗಬೇಡಿ ಎಂದು ಬರೆದಿದ್ದೀರಿ. ಇದು ಕ್ರೂರವಲ್ಲವೇ? ಇನ್ನು ಮೌತ್‌ಪೀಸ್ ಜಾರದಂತೆ ತಲೆಗೆ ಪಟ್ಟಿ ಬಿಗಿದುಕೊಂಡರೆ ತುರ್ತಿನಲ್ಲಿ ಬೇರೆ ರೆಗ್ಯುಲೇಟರ್ (ಸಿಲಿಂಡರ್‌ನಿಂದ ಬಾಯಿಗೆ ಗಾಳಿ ಕೊಡುವ ಸಾಧನ) ಹಿಡಿಯಲು ತಡವಾಗುವುದಿಲ್ಲವೇ?"

ತಡವಾಗುತ್ತದೆ, ಒಪ್ಪಿದೆ. ಕಾರ್ಬನ್ ಡೈಆಕ್ಸೈಡ್ ಏರಿ ಏದುಸಿರು ಬಿಡುವವನಿಗೆ ಎರಡು ಸೆಕೆಂಡೂ ದೊಡ್ಡದೇ. ಆದರೂ ನನ್ನ ಮತ ಪಟ್ಟಿಗೇ. ಫ್ರೆಂಚ್ ಸೇನೆಯ ರೀಬ್ರೀದರ್ ಡೈವರ್‌ಗಳ 1979ರಿಂದ 2009ರವರೆಗಿನ ದಾಖಲೆ ನೋಡಿ: ನೀರಿನಡಿ ಪ್ರಜ್ಞೆ ತಪ್ಪಿದ 54 ಪ್ರಕರಣಗಳಲ್ಲಿ ಮುಳುಗಿ ಸತ್ತವರು ಮೂವರೇ. ಆ ಸೇನೆಯ ಡೈವರ್‌ಗಳ ಮೌತ್‌ಪೀಸ್‌ಗೆ ಪಟ್ಟಿ ಇತ್ತು, ಜೊತೆಗಾರನಿಗೆ ಕಟ್ಟಿದ ಹಗ್ಗವೂ ಇತ್ತು. ಪಟ್ಟಿಯಿಲ್ಲದಿದ್ದರೆ ದವಡೆ ಸಡಿಲಾಗಿ ಮೌತ್‌ಪೀಸ್ ಜಾರುತ್ತದೆ, ತೆರೆದ ಲೂಪ್‌ಗೆ, ಅಂದರೆ ಉಸಿರು ಸುತ್ತುವ ಕೊಳವೆ-ಚೀಲಗಳಿಗೆ, ನೀರು ನುಗ್ಗುತ್ತದೆ, ಉಸಿರುಚೀಲಗಳ ತೇಲುವಿಕೆ ಹೋಗಿ ಮನುಷ್ಯ ಕಲ್ಲಿನಂತೆ ಇಳಿಯುತ್ತಾನೆ.

ಹೀಗಿರುವಾಗ ನೀರು ತುಂಬಿದ ಬಾಯಿಗೆ ಮತ್ತೆ ಮೌತ್‌ಪೀಸ್ ತುರುಕುತ್ತಾ ಕೂತರೆ ಕಳೆಯುವುದು ಸಮಯ ಮಾತ್ರ. ಕ್ರೂರವಾಗುವುದು ಅದೇ. ಕಳಚಿದ್ದರೆ ತಕ್ಷಣ ಮೇಲಕ್ಕೆ. ಬಾಯಲ್ಲೇ ಇದ್ದರೆ ಹಿಂದಿನಿಂದ ಹಿಡಿದು ಒಂದು ಅಂಗೈಯಿಂದ ಮೌತ್‌ಪೀಸನ್ನು ತುಟಿಗೆ ಒತ್ತಿಡಿ. ಕೈಗೆ ಎಟುಕಿದರೆ ಡೈಲ್ಯುಯೆಂಟ್ (ಲೂಪ್‌ನ ಆಮ್ಲಜನಕವನ್ನು ತೆಳುಗೊಳಿಸುವ ಅನಿಲಮಿಶ್ರಣ) ಗುಂಡಿ ಒತ್ತಿ: ಲೂಪ್‌ನಲ್ಲಿ ಆಮ್ಲಜನಕ ಕಡಿಮೆಯಿರಲಿ, ಅತಿಯಾಗಿರಲಿ, ಆ ಆಳಕ್ಕೆ ಸರಿಯಾದ ಡೈಲ್ಯುಯೆಂಟ್ ಆಗಿದ್ದರೆ ಉಸಿರಾಡಲು ಯೋಗ್ಯವಾದ ಅನಿಲ ಸೇರುತ್ತದೆ. ಅವನಿಗೆ ಫಿಟ್ಸ್ ಬಂದು ಮೈ ಅದುರುತ್ತಿದ್ದು ಮೌತ್‌ಪೀಸ್ ಭದ್ರವಾಗಿದ್ದರೆ ಅದು ನಿಲ್ಲುವವರೆಗೆ ಅದೇ ಆಳದಲ್ಲಿರಿ. ಮೌತ್‌ಪೀಸ್ ಬಿದ್ದಿದ್ದರೆ ಕಾಯುವಂತಿಲ್ಲ. ಏರುವಾಗ ಅವನ ಉಸಿರುಚೀಲ, ಬಿ.ಸಿ. (ತೇಲಿಸುವ ಗಾಳಿಜಾಕೆಟ್), ಡ್ರೈಸೂಟ್ (ನೀರು ಒಳಬಿಡದ ಉಡುಪು) ಮೂರೂ ಉಬ್ಬುತ್ತವೆ, ನಿಮ್ಮವೂ ಉಬ್ಬುತ್ತವೆ. ಗಾಳಿ ಬಿಡಲು ಇರುವುದು ಇನ್ನೊಂದೇ ಕೈ. ಈಜುಕೊಳದಲ್ಲಿ ಮೂರು ಮೀಟರಿನಲ್ಲಿ ಅಭ್ಯಾಸ ಮಾಡಿದವರು ಎಡವುವುದು ಇಲ್ಲೇ.

ಮೇಲೆ ಬಂದ ಮೇಲಿನ ಲೆಕ್ಕವನ್ನು ಅಂಡರ್‌ಸೀ ಅಂಡ್ ಹೈಪರ್‌ಬಾರಿಕ್ ಮೆಡಿಕಲ್ ಸೊಸೈಟಿಯ ಡೈವಿಂಗ್ ಸಮಿತಿ 2012ರಲ್ಲೇ ಕೊಟ್ಟಿದೆ. ತೇಲಿಸಿ ಎರಡು ಬಾರಿ ಬಾಯಿಂದ ಉಸಿರು ಕೊಡಿ. ದೋಣಿ ಐದು ನಿಮಿಷದೊಳಗಿದ್ದರೆ ಉಸಿರು ಕೊಡುತ್ತಲೇ ಎಳೆಯಿರಿ. ದೂರವಿದ್ದರೆ ಒಂದು ನಿಮಿಷ ಕೊಟ್ಟು, ಸ್ಪಂದನೆಯಿಲ್ಲದಿದ್ದರೆ ಬರಿದೇ ಎಳೆಯಿರಿ. ಎದೆ ಒತ್ತುವುದು ದೋಣಿಯ ಮೇಲೆ.

ಇಷ್ಟು ಸೂಕ್ಷ್ಮವಾಗಿ ಓದುವ ನೀವೂ "ಆಮ್ಲಜನಕದ ಸಿಲಿಂಡರ್" ಎಂದು ಬರೆದಿರಲ್ಲ! ಡೈವರ್ ಸತ್ತಾಗಲೆಲ್ಲ "ಆಮ್ಲಜನಕ ಮುಗಿದು ಸಾವು" ಎಂದು ಅಚ್ಚುಹಾಕುವ ವರದಿಗಾರರನ್ನು ಬೇಕಾದರೆ ಕ್ಷಮಿಸಬಹುದು. ನೇತ್ರಾಣಿಯಲ್ಲಿ ನಿಮ್ಮ ಬೆನ್ನ ಮೇಲಿರುವುದು ಒತ್ತಿ ತುಂಬಿದ ಗಾಳಿ, ಸ್ವಾಮಿ. ಅದು ನಿಜಕ್ಕೂ ಶುದ್ಧ ಆಮ್ಲಜನಕವಾಗಿದ್ದರೆ ಆರು ಮೀಟರಿನ ಕೆಳಗೆ ಒತ್ತಡದಲ್ಲಿ ಅದೇ ವಿಷವಾಗಿ ಫಿಟ್ಸ್ ಬರುವ ಭಯ ನಿಮಗೇ ಇರುತ್ತಿತ್ತು.