ಗಿಬ್ಬನ್ಸ್ ಮಂತ್ಲಿ ಜರ್ನಲ್ ಹಳೇ ಸಂಪುಟ: ಅದರ ತಾರೀಖನ್ನು ಎಷ್ಟು ನಂಬಬಹುದು?

ಸರ್, ನೀವು ಕೇಳಿದ್ದು ಎರಡು. ಅಜ್ಜನ ಟ್ರಂಕಿನಲ್ಲಿ ಸಿಕ್ಕ ‘ಸ್ಟ್ಯಾನ್ಲಿ ಗಿಬ್ಬನ್ಸ್ ಮಂತ್ಲಿ ಜರ್ನಲ್’ (ಲಂಡನ್ನಿನ ಅಂಚೆಚೀಟಿ ವ್ಯಾಪಾರಿ ಸ್ಟ್ಯಾನ್ಲಿ ಗಿಬ್ಬನ್ಸ್ ಹೆಸರಿನ ಅಂಗಡಿಯ ಮಾಸಪತ್ರಿಕೆ) ಮೊದಲ ಸಂಪುಟ ಎಂಥದ್ದು, ಅದರಲ್ಲಿರುವ ತಾರೀಖನ್ನು ಸ್ಟಾಂಪು ಪ್ರದರ್ಶನಕ್ಕೆ ಇಡುವ ಹಾಳೆಯಲ್ಲಿ ಬರೆಯಬಹುದಾ ಅಂತ.

ಸ್ಟಾಂಪು ಪತ್ರಿಕೆಗಳಲ್ಲಿ ಇದು ಮೊದಲನೆಯದಲ್ಲ. 1862ರ ಡಿಸೆಂಬರಿನಲ್ಲೇ ಲಿವರ್‌ಪೂಲ್‌ನಿಂದ ‘ಮಂತ್ಲಿ ಅಡ್ವರ್ಟೈಸರ್’ ಬಂದಿತ್ತು. ಮರು ಫೆಬ್ರವರಿಗೆ ಬಾತ್ ಊರಿನಿಂದ ‘ಸ್ಟಾಂಪ್ ಕಲೆಕ್ಟರ್ಸ್ ಮ್ಯಾಗಜೀನ್’ ಶುರುವಾಗಿ 1874ರವರೆಗೆ ನಡೆಯಿತು. ಗಿಬ್ಬನ್ಸ್ ಜರ್ನಲ್ ಹುಟ್ಟಿದ್ದು 1890ರ ಜುಲೈನಲ್ಲಿ. ಅದೇ ವರ್ಷ ಗಿಬ್ಬನ್ಸ್ ತಮ್ಮ ವ್ಯಾಪಾರವನ್ನು ಚಾರ್ಲ್ಸ್ ಫಿಲಿಪ್ಸ್‌ಗೆ 25,000 ಪೌಂಡಿಗೆ ಮಾರಿದ್ದರು, ಹಾಗಾಗಿ ಇದು ಹೊಸ ಯಜಮಾನರ ಪತ್ರಿಕೆ. ಸಂಪಾದಕರು ಮೇಜರ್ ಎಡ್ವರ್ಡ್ ಇವಾನ್ಸ್. 1908ಕ್ಕೆ ನಿಂತುಹೋಯಿತು. ‘ಗಿಬ್ಬನ್ಸ್ ಸ್ಟಾಂಪ್ ಮಂತ್ಲಿ’ ಎಂಬ ಹೆಸರು 1927ರಲ್ಲಿ ಬಂದದ್ದು, ಅದರ ಸಂಪುಟ ಸಂಖ್ಯೆಯ ಲೆಕ್ಕವೇ ಬೇರೆ. ಎರಡನ್ನೂ ಬೆರೆಸಿ ‘ಸಂಪುಟ 3’ ಅಂತಷ್ಟೇ ಬರೆದರೆ ಓದಿದವರಿಗೆ ಯಾವ ವರ್ಷವೋ ಗೊತ್ತಾಗುವುದಿಲ್ಲ.

ಇನ್ನು ತಾರೀಖಿನ ವಿಷಯ. ಗಿಬ್ಬನ್ಸ್ ಜರ್ನಲ್‌ನ ಸಂಪುಟ ಜುಲೈಯಿಂದ ಜೂನ್‌ವರೆಗೆ, ಅಂದರೆ ನಿಮ್ಮದು 1890 ಜುಲೈ – 1891 ಜೂನ್. ಹೊಸ ಸ್ಟಾಂಪುಗಳ ವರದಿ ಅಂಕಣದಲ್ಲಿ ಕಾಣುವ ತಿಂಗಳು ಸುದ್ದಿ ಲಂಡನ್ನಿಗೆ ತಲುಪಿ ಅಚ್ಚಾದ ತಿಂಗಳು, ಸ್ಟಾಂಪು ಹೊರಟ ತಿಂಗಳಲ್ಲ. ಉದಾಹರಣೆಗೆ ನಮ್ಮ ಭಾರತದ 4 ಆಣೆ 6 ಪೈ ಹಸಿರು ಸ್ಟಾಂಪಿನ ಮೇಲೆ ‘2½ ಆಣೆ’ ಎಂದು ಹೊಸ ಬೆಲೆಯ ಮೇಲಚ್ಚು ಹಾಕಿದ್ದು 1891ರ ಜನವರಿ 1ಕ್ಕೆ ಬಂತು. ಹಡಗಿನ ಟಪಾಲಿಗೆ ವಾರಗಳು, ಅಚ್ಚಿಗೆ ಇನ್ನಷ್ಟು ದಿನ. ಹಾಗಾಗಿ ಅದನ್ನು ಜನವರಿ ಸಂಚಿಕೆಯಲ್ಲಿ ಹುಡುಕಿ ‘ಇಲ್ಲ’ ಅಂದುಬಿಡಬೇಡಿ, ಫೆಬ್ರವರಿಯಿಂದ ಜೂನ್‌ವರೆಗೂ ತಿರುವಿ. ಹಾಳೆಯಲ್ಲಿ ‘ಈ ತಿಂಗಳೊಳಗೆ ಹೊರಬಂದಿತ್ತು’ ಎಂದು ಬರೆದರೆ ಸರಿ, ‘ಈ ತಿಂಗಳು ಬಿಡುಗಡೆ’ ಎಂದರೆ ತೀರ್ಪುಗಾರರು ಹಿಡಿಯುತ್ತಾರೆ. ಜರ್ನಲ್‌ನಲ್ಲಿರುವ ಬೆಲೆಗಳು ಮಾರುವವರ ಬೆಲೆ, ಪತ್ರಿಕೆಯೇ ಅಂಗಡಿಯದ್ದು. ಒಂದೊಂದು ಸ್ಟಾಂಪಿಗೂ ಕೊಟ್ಟ ಹಳೇ ಕ್ಯಾಟಲಾಗ್ ನಂಬರುಗಳನ್ನಂತೂ ನಕಲು ಮಾಡಬೇಡಿ, ಈಗಿನವಕ್ಕೆ ಹೊಂದುವುದಿಲ್ಲ.

ಮಾರುವ ಯೋಚನೆಯಿದ್ದರೆ ಮೊದಲು ಸಂಚಿಕೆ ಎಣಿಸಿ: ಹನ್ನೆರಡೂ ಇವೆಯಾ, ಶೀರ್ಷಿಕೆ ಪುಟ, ಸೂಚಿ ಇದೆಯಾ? ಆಗಿನ ಬೈಂಡರುಗಳು ಬಿಡಿ ಸಂಚಿಕೆಯ ಬಣ್ಣದ ರಕ್ಷಾಪುಟವನ್ನೂ ಜಾಹೀರಾತು ಹಾಳೆಯನ್ನೂ ಕಿತ್ತು ಬಿಸಾಡಿ ಅಂಚು ಕತ್ತರಿಸುತ್ತಿದ್ದರು. ಅವು ಉಳಿದಿದ್ದರೆ ಹೆಚ್ಚಿನ ಬೆಲೆ ಕೇಳಬಹುದು. ಮೇಲಂಚಿನ ಪುಟಸಂಖ್ಯೆಗೆ ಕತ್ತರಿ ತಾಗಿದೆಯಾ ಅಂತ ಒಮ್ಮೆ ನೋಡಿ.

ನೀವು ಕಳಿಸಿದ ಫೋಟೋದಲ್ಲಿ ಪುಸ್ತಕದ ಬೆನ್ನಿನ ಚರ್ಮದ ಹೊದಿಕೆ ಕೆಂಪು ಪುಡಿಯಾಗಿ ಉದುರುತ್ತಿದೆ. ಅದಕ್ಕೆ ಎಣ್ಣೆ, ಪಾಲಿಶ್ ಯಾವುದೂ ಬೇಡ, ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ. ಪುಸ್ತಕದ ಹುಳು ಇದ್ದರೆ ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟು ಬಿಳಿಯಾಗಿ ಒಣಗಿದ್ದರೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಮನೆಯ ಹೊರಗೆ ಉಜ್ಜಿ. ಬಿಸಿಲಿಗೆ ಹಾಕಿದರೆ ಹಾಳೆ ಬಿರುಕು ಬಿಡುತ್ತದೆ. ಸೆಲ್ಲೋಟೇಪು, ಲ್ಯಾಮಿನೇಷನ್ ಸುತರಾಂ ಬೇಡ. ಸ್ಕ್ಯಾನರ್ ಗಾಜಿನ ಮೇಲೆ ಒತ್ತಿದರೆ ಬೆನ್ನು ಮುರಿದೇ ಹೋಗುತ್ತದೆ. ಎರಡೂ ರಟ್ಟಿನ ಕೆಳಗೆ ದಿಂಬು ಕೊಟ್ಟು 90 ಡಿಗ್ರಿಯಷ್ಟೇ ತೆರೆದು, ಮೊಬೈಲಿನಲ್ಲಿ ಒಂದೊಂದು ಪುಟ ತೆಗೆಯಿರಿ.

ಒಳಗೆ ಬಿಡಿ ಸ್ಟಾಂಪುಗಳಿದ್ದರೆ ಇವತ್ತೇ ತೆಗೆದು ಬೇರೆ ಇಡಿ. ಯಾವ ಪುಟದಲ್ಲಿತ್ತು ಅಂತ ಪೆನ್ಸಿಲಿನಲ್ಲಿ ಚೀಟಿ ಬರೆದು ಜೊತೆಗಿಟ್ಟರೆ ಸಾಕು.