ಮೊದಲು ತಾಯಿಯವರ ರಕ್ತಪರೀಕ್ಷೆ
ಗದಗಿನ ಸಹೋದರಿಯವರಿಗೆ ನಮಸ್ಕಾರ. ತಾಯಿಯವರಿಗೆ 42ನೇ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿರುವುದರಿಂದ ನೀವೂ ಬಿಆರ್‌ಸಿಎ ಪರೀಕ್ಷೆ (ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ವಂಶವಾಹಿ ದೋಷವನ್ನು ಹುಡುಕುವ ಪರೀಕ್ಷೆ) ಮಾಡಿಸಬೇಕೇ ಎಂದು ಕೇಳಿದ್ದೀರಿ. ಸಾಧ್ಯವಿದ್ದರೆ ಮೊದಲು ಅವರ ರಕ್ತವನ್ನೇ ಪರೀಕ್ಷಿಸುವುದು ಒಳಿತು. ಅವರಲ್ಲಿ ದೋಷ ಸಿಕ್ಕರೆ ಅದು ನಿಮಗೆ ಬಂದಿರುವ ಸಾಧ್ಯತೆ ಶೇ. 50 ಇರುತ್ತದೆ, ಆಗ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಇಲ್ಲವೆಂಬ ಉತ್ತರವನ್ನೂ ನಂಬಬಹುದು. ತಾಯಿಯವರನ್ನು ಬಿಟ್ಟು ನೀವೊಬ್ಬರೇ ಮಾಡಿಸಿದರೆ ‘ನೆಗೆಟಿವ್’ ಬಂದರೂ ಪೂರ್ತಿ ನಿರಾಳವಾಗುವಂತಿಲ್ಲ. ವಂಶವಾಹಿಯಲ್ಲಿ ಬದಲಾವಣೆಯಿದೆ, ಆದರೆ ಅದು ಅಪಾಯಕಾರಿಯೇ ಎಂಬುದು ಖಚಿತವಿಲ್ಲ ಎಂಬ ವರದಿಯೂ ಬರುವುದುಂಟು. ಅದೊಂದನ್ನೇ ನೋಡಿ ಮುನ್ನೆಚ್ಚರಿಕೆಯಾಗಿ ಸ್ತನ ಅಥವಾ ಅಂಡಾಶಯ ತೆಗೆಸುವ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ.

ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ತಜ್ಞರನ್ನು ಕಾಣುವ ಮುನ್ನ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತೆಂದು ಬರೆದುಕೊಳ್ಳಿ. ಈ ದೋಷ ತಂದೆಯಿಂದಲೂ ಬರುತ್ತದೆ. ‘ಹೊಟ್ಟೆಯಲ್ಲಿ ಗಂಟಾಗಿ ತೀರಿಕೊಂಡರು’ ಎಂದು ಹಿರಿಯರು ಹೇಳುವ ಸೋದರತ್ತೆಯದು ಅಂಡಾಶಯದ ಕ್ಯಾನ್ಸರ್ ಆಗಿದ್ದಿರಲೂಬಹುದು.